ಬಯಲಾಟದ ಸ್ಪೀಕರ್ ಪೆಟ್ಟಿಗೆಗೆ ಕ್ಲಾಸ್ ಡಿ ಮಾಡ್ಯೂಲ್ ಆರಿಸುವುದು

ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಅಪ್ಪ ಮೂವತ್ತು ವರ್ಷ ಮೈಕ್ ಸೆಟ್ ಬಾಡಿಗೆಗೆ ಕೊಟ್ಟವರು. ಮದುವೆ, ಭಜನೆ, ತಾಳಮದ್ದಳೆ, ಯಕ್ಷಗಾನ ಬಯಲಾಟ, ಯಾವುದಕ್ಕೂ ಅದೇ ಕಬ್ಬಿಣದ ಆಂಪ್ಲಿಫೈಯರ್, ಅದೇ ಕಹಳೆ ಸ್ಪೀಕರ್. ಮಲಯಾಳದಲ್ಲಿ ಅದಕ್ಕೆ ಕೋಳಾಂಬಿ ಅನ್ನುತ್ತಾರೆ. ಜೀಪಿಗೆ ಹತ್ತಿಸುವಾಗ ಆಂಪ್ಲಿಫೈಯರಿನ ಒಂದು ಬದಿ ಹಿಡಿಯುವ ಕೆಲಸ ನನ್ನದು. ಆ ಟ್ರಾನ್ಸ್‌ಫಾರ್ಮರಿನ ಭಾರ ಇವತ್ತಿಗೂ ಕೈಗೆ ನೆನಪಿದೆ.

ಈಗ ಸೆಟ್ ನಾನು ನೋಡಿಕೊಳ್ಳುತ್ತೇನೆ. ಆಂಪ್ಲಿಫೈಯರ್ ಪೆಟ್ಟಿಗೆಯ ಒಳಗೇ ಇರುವ ಸ್ಪೀಕರ್, ಅಂದರೆ ಪವರ್ಡ್ ಸ್ಪೀಕರ್, ನಾನೇ ಕಟ್ಟುತ್ತೇನೆ. ಒಳಗೆ ಕೂರಿಸುವುದು ಕ್ಲಾಸ್ ಡಿ ಮಾಡ್ಯೂಲ್, ಅಂದರೆ ಸಿದ್ಧವಾಗಿ ಬರುವ ಆಂಪ್ಲಿಫೈಯರ್ ಬೋರ್ಡ್. ಇದುವರೆಗೆ ಹನ್ನೊಂದು ಪೆಟ್ಟಿಗೆ ಆಗಿವೆ. ಪೆರ್ಲ, ಕುಂಬಳೆ, ಮುಳ್ಳೇರಿಯ ಕಡೆಯ ಹುಡುಗರು ಫೋನ್ ಮಾಡಿ ಕೇಳುತ್ತಾರೆ, "ಅಕ್ಕಾ, ಯಾವ ಬೋರ್ಡ್ ತರಿಸಲಿ? ಎಷ್ಟು ವ್ಯಾಟಿನದ್ದು?" ನಾನು ತಿರುಗಿ ಕೇಳುತ್ತೇನೆ: ಸ್ಪೀಕರ್ ಎಷ್ಟು ಓಮ್ಸ್, ಅಂದರೆ ಕರೆಂಟಿಗೆ ಅದರ ತಡೆ ಎಷ್ಟು? ಕರೆಂಟು ಎಲ್ಲಿಂದ? ಪೆಟ್ಟಿಗೆ ಇಡುವುದು ಒಳಗೋ ಬಯಲಿನಲ್ಲೋ? ಈ ಮೂರು ಗೊತ್ತಾದರೆ ಬೋರ್ಡ್ ತಾನಾಗಿ ಗೊತ್ತಾಗುತ್ತದೆ. ವ್ಯಾಟಿನಿಂದ ಶುರು ಮಾಡಿದರೆ ದುಡ್ಡು ಹೋಗುತ್ತದೆ. ನನ್ನದು ಹೋಗಿದೆ.

ಮೊದಲು ಕ್ಲಾಸ್ ಡಿ ಅಂದರೆ ಏನು ಅಂತ ಎರಡು ಮಾತು. ಡಿ ಅಂದರೆ ಡಿಜಿಟಲ್ ಅಲ್ಲ. ಎ, ಬಿ, ಸಿ ಆದ ಮೇಲೆ ಬಂದ ಅಕ್ಷರ ಅಷ್ಟೆ. ಹಳೆಯ ಆಂಪ್ಲಿಫೈಯರಿನಲ್ಲಿ ಟ್ರಾನ್ಸಿಸ್ಟರ್ ಅರ್ಧ ತೆರೆದ ನಲ್ಲಿಯ ಹಾಗೆ ಕೆಲಸ ಮಾಡುತ್ತದೆ. ಸ್ಪೀಕರಿಗೆ ಹೋಗದ ಶಕ್ತಿ ಎಲ್ಲ ಅಲ್ಲೇ ಬಿಸಿಯಾಗುತ್ತದೆ. ಕ್ಲಾಸ್ ಡಿಯಲ್ಲಿ ಟ್ರಾನ್ಸಿಸ್ಟರ್ ಪೂರ್ತಿ ಆನ್, ಇಲ್ಲವೇ ಪೂರ್ತಿ ಆಫ್. ಸೆಕೆಂಡಿಗೆ ಲಕ್ಷಗಟ್ಟಲೆ ಸಲ. ಸಿಗ್ನಲ್ ಏರಿದ ಹಾಗೆ ಆನ್ ಆಗಿರುವ ಹೊತ್ತು ಜಾಸ್ತಿ, ಇಳಿದ ಹಾಗೆ ಕಮ್ಮಿ. ಕೊನೆಗೆ ಒಂದು ಕಾಯಿಲ್, ಒಂದು ಕೆಪಾಸಿಟರ್ ಆ ಕಡಿತಗಳನ್ನು ನಯ ಮಾಡಿ ಸ್ಪೀಕರಿಗೆ ಕೊಡುತ್ತವೆ. ಒಳ್ಳೆಯ ಮಾಡ್ಯೂಲಿನಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸು ಶಕ್ತಿ ಸ್ಪೀಕರಿಗೇ ಹೋಗುತ್ತದೆ. ಹಾಗಾಗಿಯೇ ಅಂಗೈ ಅಗಲದ ಹೀಟ್‌ಸಿಂಕಿನಲ್ಲಿ ಅದನ್ನು ಪೆಟ್ಟಿಗೆಯ ಬೆನ್ನಿಗೆ ಕೂರಿಸಲು ಆಗುವುದು.

ಈಗ ವ್ಯಾಟಿನ ವಿಷಯ. ನಾನು ಮೊದಲು ತರಿಸಿದ್ದು ಟಿಪಿಎ3116 ಚಿಪ್ಪಿನ ಒಂದು ಬೋರ್ಡ್. ಮೇಲೆ ದಪ್ಪಕ್ಷರದಲ್ಲಿ "100+100 ವ್ಯಾಟ್" ಅಂತ ಇತ್ತು. 24 ವೋಲ್ಟ್ ಕೊಟ್ಟೆ. 8 ಓಮ್ಸಿನ ಲೋಡಿಗೆ ಶಬ್ದ ಒಡೆಯುವ ಅಂಚಿನ ತನಕ ಏರಿಸಿ ಮೀಟರ್ ಹಿಡಿದೆ. 16.2 ವೋಲ್ಟ್ ಬಂತು. 16.2ನ್ನು 16.2ರಿಂದ ಗುಣಿಸಿ 8ರಿಂದ ಭಾಗಿಸಿದರೆ ಸುಮಾರು 33 ವ್ಯಾಟ್. ನೂರಲ್ಲ, ಮೂವತ್ತಮೂರು. ಚಿಪ್ಪಿನ ತಪ್ಪೇನೂ ಅಲ್ಲ. 24 ವೋಲ್ಟಿನಿಂದ 8 ಓಮ್ಸಿಗೆ ಅದಕ್ಕಿಂತ ತುಂಬ ಜಾಸ್ತಿ ಯಾರೂ ಕೊಡಲು ಆಗುವುದಿಲ್ಲ.

ಅದರ ಲೆಕ್ಕ ಸುಲಭ. ಬ್ರಿಡ್ಜ್ ಆಗಿ, ಅಂದರೆ ಸ್ಪೀಕರಿನ ಎರಡೂ ತಂತಿಯನ್ನು ಎದುರುಬದುರಾಗಿ ಓಡಿಸಿ, ಕೆಲಸ ಮಾಡುವ ಮಾಡ್ಯೂಲಾದರೆ ಸಪ್ಲೈ ವೋಲ್ಟನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ಸ್ಪೀಕರಿನ ಓಮ್ಸಿನ ಎರಡರಷ್ಟರಿಂದ ಭಾಗಿಸಿ. ಅದು ಮೇಲಿನ ಮಿತಿ. 24 ವೋಲ್ಟಿಗೆ 8 ಓಮ್ಸಿನಲ್ಲಿ 36 ವ್ಯಾಟ್, 4 ಓಮ್ಸಿನಲ್ಲಿ 72. 36 ವೋಲ್ಟಿಗೆ 81 ಮತ್ತು 162. 48 ವೋಲ್ಟಿಗೆ 144 ಮತ್ತು 288. ತಂತಿ, ಕಾಯಿಲ್, ಚಿಪ್ಪಿನಲ್ಲಿ ಹೋಗುವ ನಷ್ಟಕ್ಕೆ ಹತ್ತು ಶೇಕಡಾ ಕಳೆಯಿರಿ. ಬೋರ್ಡಿನ ಮೇಲೆ ಏನೇ ಬರೆದಿರಲಿ, ಈ ಲೆಕ್ಕಕ್ಕಿಂತ ಮೇಲಿನ ಅಂಕಿ ಇದ್ದರೆ ಅದನ್ನು ನಂಬಬೇಡಿ. ಇನ್ನೊಂದು ವಿಷಯ. ಚಿಪ್ಪಿನ ಕಂಪೆನಿಯವರೇ ಕೊಡುವ ದೊಡ್ಡ ಅಂಕಿ ಹೆಚ್ಚಾಗಿ 10 ಶೇಕಡಾ ಡಿಸ್ಟಾರ್ಶನಿನಲ್ಲಿ, ಅಂದರೆ ಶಬ್ದ ಅಷ್ಟು ಕೆಟ್ಟಾಗ, ಅಳೆದದ್ದು. ಅಷ್ಟರಲ್ಲಿ ಭಾಗವತರ ಸ್ವರ ಒಡೆದು ಚೂರಾಗಿರುತ್ತದೆ. 1 ಶೇಕಡಾದ ಅಂಕಿ ಎಲ್ಲಿದೆ ಅಂತ ಡೇಟಾಶೀಟಿನಲ್ಲಿ ಹುಡುಕಿ.

ಹಾಗಾದರೆ ನಿಮಗೆ ಎಷ್ಟು ಬೇಕು? ಅದನ್ನು ಸ್ಪೀಕರ್ ಹೇಳುತ್ತದೆ. ನಾನು ಬಳಸುವ 12 ಇಂಚಿನ ವೂಫರಿನ, ಅಂದರೆ ತಗ್ಗಿನ ಸ್ವರದ ಸ್ಪೀಕರಿನ, ಸೆನ್ಸಿಟಿವಿಟಿ 97 ಡಿಬಿ (ಡೆಸಿಬೆಲ್). ಅಂದರೆ ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 97 ಡಿಬಿ ಶಬ್ದ. ವ್ಯಾಟ್ ಎರಡು ಪಟ್ಟಾದರೆ 3 ಡಿಬಿ ಏರುತ್ತದೆ. ಹತ್ತು ಪಟ್ಟಾದರೆ 10, ನೂರು ಪಟ್ಟಾದರೆ 20. ಬಯಲಿನಲ್ಲಿ ದೂರ ಎರಡು ಪಟ್ಟಾದಾಗೆಲ್ಲ 6 ಡಿಬಿ ಇಳಿಯುತ್ತದೆ. ನೂರು ವ್ಯಾಟ್ ಕೊಟ್ಟರೆ ಪೆಟ್ಟಿಗೆಯ ಎದುರು 117 ಡಿಬಿ. 32 ಮೀಟರ್ ಆಚೆ, ಗದ್ದೆಯ ಕೊನೆಯ ಸಾಲಿನ ಕುರ್ಚಿಗೆ, 87 ಡಿಬಿ. ಆಟ ನೋಡಲು ಅದು ಧಾರಾಳ. ನೂರನ್ನು ಇನ್ನೂರು ಮಾಡಿದರೆ ಆ ಕುರ್ಚಿಗೆ ಸಿಗುವುದು ಬರೀ 3 ಡಿಬಿ. ಅಷ್ಟು ವ್ಯತ್ಯಾಸ ಗಮನ ಕೊಟ್ಟು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಆದರೆ ಸೆನ್ಸಿಟಿವಿಟಿ 91 ಇರುವ ಅಗ್ಗದ ವೂಫರ್ ಹಾಕಿದರೆ ಅದೇ ಶಬ್ದಕ್ಕೆ ನಾಲ್ಕು ಪಟ್ಟು ವ್ಯಾಟ್ ಬೇಕು. ಮಾಡ್ಯೂಲಿಗೆ ಹಾಕುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ವೂಫರಿಗೆ ಹಾಕಿ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಹೆಚ್ಚಿನವರು ಕೇಳುವುದಿಲ್ಲ.

ಮೇಲಿನ ಸ್ವರಗಳಿಗೆ ಇರುವ ಹಾರ್ನ್ ಡ್ರೈವರಿನ ಲೆಕ್ಕ ಬೇರೆ. ಅದರ ಸೆನ್ಸಿಟಿವಿಟಿ 107 ಡಿಬಿ ಆಸುಪಾಸು. ವೂಫರಿಗಿಂತ 10 ಡಿಬಿ ಮೇಲೆ, ಅಂದರೆ ವೂಫರಿಗೆ ನೂರು ವ್ಯಾಟ್ ಆದರೆ ಇದಕ್ಕೆ ಹತ್ತು ಸಾಕು. ಚಕ್ರತಾಳ, ಚೆಂಡೆಯ ಏಟುಗಳಿಗೆ ಸ್ವಲ್ಪ ಜಾಗ ಇರಲಿ ಅಂತ ನಾನು ಮೂವತ್ತು, ನಲವತ್ತು ವ್ಯಾಟ್ ಇಡುತ್ತೇನೆ. ಹಾಗಾಗಿ ಎರಡು ಚಾನೆಲಿನ ಒಂದು ಮಾಡ್ಯೂಲ್ ತಂದು, ಒಂದು ಚಾನೆಲ್ ವೂಫರಿಗೆ, ಇನ್ನೊಂದು ಹಾರ್ನಿಗೆ ಕೊಡುವುದು ಒಳ್ಳೆಯ ದಾರಿ. ಸ್ವರ ಬೇರೆ ಮಾಡುವ ಕೆಲಸ ಮಾಡ್ಯೂಲಿನ ಮೊದಲೇ ಆಗಬೇಕು. ನಾನು ಎಡಿಎಯು1701 ಡಿಎಸ್‌ಪಿ ಬೋರ್ಡ್, ಅಂದರೆ ಸಿಗ್ನಲನ್ನು ಅಂಕಿಗಳಾಗಿ ಮಾಡಿ ತಿದ್ದುವ ಬೋರ್ಡ್, ಬಳಸುತ್ತೇನೆ, 2 ಕಿಲೋಹರ್ಟ್ಸಿನಲ್ಲಿ ಕತ್ತರಿಸುತ್ತೇನೆ. ಸಿಗ್ನಲ್ ಮಿತಿ ದಾಟದ ಹಾಗೆ ತಡೆಯುವ ಲಿಮಿಟರನ್ನೂ ಅದರಲ್ಲೇ ಹಾಕಬಹುದು.

ಯಕ್ಷಗಾನಕ್ಕೆ ಇನ್ನೊಂದು ಸಂಗತಿ ಮುಖ್ಯ. ಸಿನಿಮಾ ಹಾಡಿನ ಹಾಗೆ ಇದು ಒಂದೇ ಮಟ್ಟದಲ್ಲಿ ಓಡುವ ಶಬ್ದ ಅಲ್ಲ. ಭಾಗವತರು ಮೆಲ್ಲಗೆ ಎತ್ತುತ್ತಾರೆ, ಮದ್ದಳೆ ಸಣ್ಣಗೆ ನುಡಿಯುತ್ತದೆ, ಒಮ್ಮೆಲೇ ಚೆಂಡೆ ಬೀಳುತ್ತದೆ. ಚೆಂಡೆಯ ಏಟಿನ ತುದಿ ಸರಾಸರಿಗಿಂತ 15 ಡಿಬಿ ಮೇಲೆ ಹೋಗುವುದು ಮಾಮೂಲು. 15 ಡಿಬಿ ಅಂದರೆ ಸುಮಾರು ಮೂವತ್ತು ಪಟ್ಟು ವ್ಯಾಟ್. ರಾತ್ರಿ ಇಡೀ ಸರಾಸರಿ ನಾಲ್ಕೈದು ವ್ಯಾಟಿನಲ್ಲಿ ಓಡುವ ಪೆಟ್ಟಿಗೆ ಆ ಒಂದು ಕ್ಷಣಕ್ಕೆ 140 ಕೇಳುತ್ತದೆ. ಕೊಡಲು ಆಗದಿದ್ದರೆ ಚೆಂಡೆ ತಗಡಿನ ಡಬ್ಬದ ಹಾಗೆ ಕೇಳುತ್ತದೆ. ಹಾಗಾಗಿ ನಮಗೆ ಬೇಕಾದದ್ದು ತುದಿಗೆ ಬೇಕಾದ ವೋಲ್ಟ್. ನಿರಂತರವಾಗಿ ಸುರಿಯುವ ಶಕ್ತಿ ಅಷ್ಟು ಬೇಕಿಲ್ಲ.

ಮಾಡ್ಯೂಲುಗಳಿಗೆ ಬರೋಣ.

ಟಿಪಿಎ3116ಗೆ 4.5ರಿಂದ 26 ವೋಲ್ಟ್ ತನಕ ಕೊಡಬಹುದು. ಮನೆಯೊಳಗಿನ ತಾಳಮದ್ದಳೆ, ಭಜನಾ ಮಂದಿರ, ಶಾಲೆಯ ಸಭೆ ಇಷ್ಟಕ್ಕೆ ಇದು ಸಾಕು. 8 ಇಂಚಿನ, 4 ಓಮ್ಸಿನ ವೂಫರಿಗೆ ಚೆನ್ನಾಗಿ ಹೊಂದುತ್ತದೆ. ಇದರ ಬಿಸಿ ಚಿಪ್ಪಿನ ಮೇಲ್ಬದಿಯಿಂದ ಹೋಗುತ್ತದೆ, ಹೀಟ್‌ಸಿಂಕ್ ಮೇಲೆ ಕೂರಬೇಕು. ತಮ್ಮನ ಹಾಗೆ ಇರುವ ಟಿಪಿಎ3118ರಲ್ಲಿ ಬಿಸಿ ಕೆಳಗೆ ಬೋರ್ಡಿನ ತಾಮ್ರಕ್ಕೆ ಹೋಗುತ್ತದೆ. ಅದರ ತಲೆಗೆ ಹೀಟ್‌ಸಿಂಕ್ ಅಂಟಿಸಿ ಮಾರುವವರಿದ್ದಾರೆ. ಅದರಿಂದ ಹೆಚ್ಚಿನ ಪ್ರಯೋಜನ ಇಲ್ಲ.

ಬಯಲಾಟದ ಪೆಟ್ಟಿಗೆಗೆ ನಾನು ಈಗ ಆರಿಸುವುದು ಟಿಪಿಎ3255. ಇದರ ಸಪ್ಲೈ 53.5 ವೋಲ್ಟ್ ತನಕ ಹೋಗುತ್ತದೆ. ನಾನು 48 ಕೊಡುತ್ತೇನೆ. 8 ಓಮ್ಸಿನ ವೂಫರಿಗೆ 130 ವ್ಯಾಟ್ ಆಸುಪಾಸು ಸ್ವಚ್ಛವಾಗಿ ಸಿಗುತ್ತದೆ. ಬೋರ್ಡ್ ಕೊಳ್ಳುವಾಗ ಚಿಪ್ಪಿಗೆ ಬೇಕಾದ 12 ವೋಲ್ಟನ್ನು ಬೋರ್ಡಿನಲ್ಲೇ ಮಾಡುವ ಪುಟ್ಟ ಕನ್ವರ್ಟರ್ ಇದೆಯೇ ಅಂತ ನೋಡಿ. ಇಲ್ಲದಿದ್ದರೆ ಇನ್ನೊಂದು ಸಪ್ಲೈ ಹುಡುಕಬೇಕು. ದೊಡ್ಡ ಕೆಪಾಸಿಟರುಗಳ ಮೇಲೆ 63 ವೋಲ್ಟ್ ಅಂತ ಇರಬೇಕು. 50 ಅಂತ ಇದ್ದರೆ 48 ವೋಲ್ಟಿಗೆ ಅದು ತುದಿಗಾಲಿನಲ್ಲಿ ನಿಂತ ಹಾಗೆ. ಕೊನೆಯ ಕಾಯಿಲುಗಳನ್ನು ಕಣ್ಣಿನಲ್ಲೇ ಅಳೆಯಿರಿ. 48 ವೋಲ್ಟ್, 4 ಓಮ್ಸ್ ಅಂದರೆ ತುದಿಯಲ್ಲಿ 12 ಆಂಪಿಯರ್ ಹರಿಯುತ್ತದೆ. ಕಡಲೆಕಾಳಿನಷ್ಟು ದೊಡ್ಡ ಕಾಯಿಲ್ ಅದನ್ನು ತಾಳುವುದಿಲ್ಲ, ಸ್ಯಾಚುರೇಟ್ ಆಗುತ್ತದೆ, ಅಂದರೆ ಕರೆಂಟು ತಡೆಯುವ ಗುಣ ಕಳೆದುಕೊಳ್ಳುತ್ತದೆ, ಆಗ ಚಿಪ್ ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ.

ಹೈಪೆಕ್ಸ್, ಐಸ್‌ಪವರ್ ಇವೆಲ್ಲ ಮೇಲಿನ ಸಾಲಿನವು. ಹೈಪೆಕ್ಸ್ ನೆದರ್ಲೆಂಡ್ಸಿನದ್ದು, ಐಸ್‌ಪವರ್ ಡೆನ್ಮಾರ್ಕಿನದ್ದು. ಹೈಪೆಕ್ಸಿನ ಎನ್‌ಸಿ252ಎಂಪಿ ಬೋರ್ಡಿನಲ್ಲಿ ಕರೆಂಟಿನ ಸಪ್ಲೈಯೂ ಸೇರಿಯೇ ಇದೆ, 4 ಓಮ್ಸಿಗೆ ಎರಡು ಚಾನೆಲಿಗೂ 250 ವ್ಯಾಟ್. ಇವುಗಳಲ್ಲಿ ಫೀಡ್‌ಬ್ಯಾಕ್, ಅಂದರೆ ಹೊರಗೆ ಹೋಗುವುದನ್ನು ತಿರುಗಿ ನೋಡಿ ತಿದ್ದಿಕೊಳ್ಳುವ ಸಿಗ್ನಲ್, ತೆಗೆದುಕೊಳ್ಳುವುದು ಕೊನೆಯ ಕಾಯಿಲ್ ಆದ ಮೇಲೆ. ಹಾಗಾಗಿ ಸ್ಪೀಕರ್ ಯಾವುದಿದ್ದರೂ ಸ್ವರದ ಸಮತೋಲ ಬದಲಾಗುವುದಿಲ್ಲ. ಟಿಪಿಎ3116ರ ಹಾಗಿನ ಚಿಪ್ಪುಗಳಲ್ಲಿ ಫೀಡ್‌ಬ್ಯಾಕ್ ಕಾಯಿಲಿನ ಮೊದಲೇ ಮುಗಿಯುತ್ತದೆ. ಅದರಿಂದ ಓಮ್ಸ್ ಬದಲಾದ ಹಾಗೆ ತೀರಾ ಮೇಲಿನ ಸ್ವರ ಸ್ವಲ್ಪ ಏರುತ್ತದೆ, ಇಳಿಯುತ್ತದೆ. ಇದರ ಬಗ್ಗೆ ಬಹಳ ಚರ್ಚೆ ನಡೆಯುತ್ತದೆ. ನನ್ನ ಅಭಿಪ್ರಾಯ ಇಷ್ಟು: ಮನೆಯ ಕೋಣೆಯಲ್ಲಿ ಕೂತು ಕೇಳುವ ಸ್ಪೀಕರಿಗೆ ಆ ದುಡ್ಡು ಹಾಕಿ. ಗದ್ದೆಯಲ್ಲಿ, ಗಾಳಿಯಲ್ಲಿ, ಕಡಲೆ ಮಾರುವವರ ಕೂಗಿನ ನಡುವೆ ಅದು ಯಾರಿಗೂ ಕೇಳಿಸುವುದಿಲ್ಲ. ಆದರೆ ಒಂದಕ್ಕಾಗಿ ಅವನ್ನು ನಾನು ಗೌರವಿಸುತ್ತೇನೆ. ಬರೆದ ಅಂಕಿ ನಿಜವಾದ ಅಂಕಿ.

ಐಆರ್‌ಎಸ್2092 ಡ್ರೈವರಿನ ಬೋರ್ಡುಗಳೂ ಅಂಗಡಿಗಳಲ್ಲಿ ತುಂಬ ಸಿಗುತ್ತವೆ. ಹೆಚ್ಚಿನವು ಹಾಫ್ ಬ್ರಿಡ್ಜ್, ಅಂದರೆ ಸ್ಪೀಕರಿನ ಒಂದು ತಂತಿಯನ್ನು ಮಾತ್ರ ಓಡಿಸುವವು, ಪ್ಲಸ್ 50 ಮೈನಸ್ 50 ವೋಲ್ಟಿನ ಹಾಗೆ ಎರಡು ಸಪ್ಲೈ ಬೇಕು. 4 ಓಮ್ಸಿನ ದೊಡ್ಡ ವೂಫರಿಗೆ 300 ವ್ಯಾಟಿನ ಹತ್ತಿರ ಕೊಡುತ್ತವೆ. ಇದರ ಕಥೆ ಸ್ವಲ್ಪ ಉದ್ದ ಇದೆ, ಯಾಕೆಂದರೆ ನನ್ನ ಅತಿ ಕೆಟ್ಟ ರಾತ್ರಿ ಇದರದ್ದೇ.

ನೀರ್ಚಾಲು ಕಡೆಯ ಒಂದು ಗದ್ದೆಯಲ್ಲಿ ಆಟ. ಹೊಸ ಪೆಟ್ಟಿಗೆ ಎರಡು, ಒಳಗೆ ಹಾಫ್ ಬ್ರಿಡ್ಜ್ ಮಾಡ್ಯೂಲ್, ಜೊತೆಗೆ ಎಸ್‌ಎಂಪಿಎಸ್, ಅಂದರೆ ಲೈನಿನ ಕರೆಂಟನ್ನು ಡಿಸಿ ಮಾಡಿ ಕೊಡುವ ಹಗುರದ ಸಪ್ಲೈ. ಪೂರ್ವರಂಗ ಸರಿಯಾಗಿ ಹೋಯಿತು. ಪುಂಡುವೇಷದ ಹುಡುಗ ದಿಗಿಣ ಹಾರಲು ಶುರು ಮಾಡಿದ. ಹಲಗೆಯ ವೇದಿಕೆ ದಡದಡ ಅಂದಿತು. ಎರಡೂ ಪೆಟ್ಟಿಗೆ ಒಮ್ಮೆಲೇ ಸತ್ತವು. ಎರಡು ಸೆಕೆಂಡ್ ಆದ ಮೇಲೆ ತಾವಾಗಿಯೇ ಬಂದವು. ಅವನು ಮತ್ತೆ ಹಾರಿದ, ಮತ್ತೆ ಸತ್ತವು. ಆಟ ಆಡಿಸುವ ಹಿರಿಯರು ಓಡಿ ಬಂದರು. "ಎಂತ ಆಯ್ತು ಮಾರಾಯ್ತಿ? ಭಾಗವತರ ಪದವೇ ಕೇಳುವುದಿಲ್ಲ." ನನಗೆ ಉತ್ತರ ಗೊತ್ತಿರಲಿಲ್ಲ. ಜೀಪಿನಲ್ಲಿದ್ದ ಅಪ್ಪನ ಹಳೆಯ ಆಂಪ್ಲಿಫೈಯರ್ ತಂದು ಕೋಳಾಂಬಿ ಕಟ್ಟಿ ಆ ರಾತ್ರಿ ಮುಗಿಸಿದೆ.

ಆಮೇಲೆ ಮನೆಯಲ್ಲಿ ಮೀಟರ್ ಹಿಡಿದು ಕೂತಾಗ ಕಾರಣ ಸಿಕ್ಕಿತು. ಹಾಫ್ ಬ್ರಿಡ್ಜಿನಲ್ಲಿ ತಗ್ಗಿನ ಸ್ವರ ಬಂದಾಗ ಪ್ಲಸ್ ಬದಿಯಿಂದ ಎಳೆದ ಶಕ್ತಿಯ ಒಂದು ಪಾಲು ಕಾಯಿಲಿನ ಮೂಲಕ ಮೈನಸ್ ಬದಿಗೆ ವಾಪಸ್ ಹೋಗುತ್ತದೆ. ಮುಂದಿನ ಅರ್ಧದಲ್ಲಿ ಇದರ ಉಲ್ಟಾ. ಇದಕ್ಕೆ ಬಸ್ ಪಂಪಿಂಗ್ ಅಂತ ಹೆಸರು. ಎಸ್‌ಎಂಪಿಎಸ್ ಕೊಡುವುದನ್ನು ಮಾತ್ರ ಬಲ್ಲದು, ವಾಪಸ್ ತೆಗೆದುಕೊಳ್ಳಲು ಅದಕ್ಕೆ ಗೊತ್ತಿಲ್ಲ. ಹಾಗಾಗಿ ವೋಲ್ಟ್ ಏರುತ್ತಾ ಹೋಗುತ್ತದೆ. ಒಂದು ಹಂತ ದಾಟಿದಾಗ ರಕ್ಷಣೆಗೆ ಇರುವ ಸರ್ಕ್ಯೂಟ್ ಎಲ್ಲವನ್ನೂ ಆಫ್ ಮಾಡುತ್ತದೆ. ಸ್ವರ ತಗ್ಗಿದಷ್ಟೂ ಇದು ಜಾಸ್ತಿ. ಹಲಗೆಯ ದಡದಡ ಮೈಕಿನ ಕಾಲಿನಿಂದ ಹತ್ತಿ ಬಂದದ್ದು ತೀರಾ ತಗ್ಗಿನ ಸ್ವರ. ಚೆಂಡೆಯಲ್ಲಿ ಅಷ್ಟು ತಗ್ಗು ಇಲ್ಲವೇ ಇಲ್ಲ. ಅದಕ್ಕೇ ಮನೆಯಲ್ಲಿ ಚೆಂಡೆಯ ರೆಕಾರ್ಡಿಂಗ್ ಹಾಕಿ ಪರೀಕ್ಷೆ ಮಾಡಿದಾಗ ಏನೂ ಆಗಿರಲಿಲ್ಲ.

ಮೂರು ದಾರಿ ಉಂಟು. ಫುಲ್ ಬ್ರಿಡ್ಜ್ ಮಾಡ್ಯೂಲ್ ಆರಿಸಿದರೆ ಈ ತೊಂದರೆಯೇ ಇಲ್ಲ. ಟಿಪಿಎ ಚಿಪ್ಪುಗಳನ್ನು ನಾನು ಹೇಳಿದ ರೀತಿಯಲ್ಲಿ ಬಳಸಿದರೆ ಅವು ಫುಲ್ ಬ್ರಿಡ್ಜ್. ಎರಡು ಹಾಫ್ ಬ್ರಿಡ್ಜ್ ಒಂದೇ ಸಪ್ಲೈಯಲ್ಲಿ ಇದ್ದರೆ ಒಂದಕ್ಕೆ ಸಿಗ್ನಲನ್ನು ಉಲ್ಟಾ ಕೊಟ್ಟು, ಅದರ ಸ್ಪೀಕರ್ ತಂತಿಯನ್ನೂ ಉಲ್ಟಾ ಮಾಡಿ. ಆಗ ಒಂದು ತಳ್ಳಿದ್ದನ್ನು ಇನ್ನೊಂದು ಎಳೆಯುತ್ತದೆ. ಇನ್ನು ಮಾಡ್ಯೂಲ್ ಯಾವುದೇ ಇರಲಿ, 60 ಹರ್ಟ್ಸಿನ ಕೆಳಗಿನದ್ದನ್ನು ಡಿಎಸ್‌ಪಿಯಲ್ಲೇ ಕತ್ತರಿಸಿ. ಯಕ್ಷಗಾನಕ್ಕೆ ಅದರ ಕೆಳಗೆ ಬೇಕಾದದ್ದು ಏನೂ ಇಲ್ಲ. ವೂಫರಿನ ಕೋನ್ ಸುಮ್ನೆ ಹಿಂದೆ ಮುಂದೆ ಹೋಗುವುದೂ ನಿಲ್ಲುತ್ತದೆ.

ಕರೆಂಟಿಗೆ ಬರೋಣ. 48 ವೋಲ್ಟಿನ 350 ವ್ಯಾಟ್ ಎಸ್‌ಎಂಪಿಎಸ್, ಅಂದರೆ 7.3 ಆಂಪಿಯರಿನದ್ದು, ಒಂದು ಪೆಟ್ಟಿಗೆಗೆ ಧಾರಾಳ. ಸರಾಸರಿ ಕಮ್ಮಿ ಅಂತ ಮೊದಲೇ ಹೇಳಿದೆನಲ್ಲ. ಆದರೆ ಮಾಡ್ಯೂಲಿನ ಹತ್ತಿರವೇ ದೊಡ್ಡ ಕೆಪಾಸಿಟರ್ ಇರಲಿ, ಚೆಂಡೆಯ ತುದಿಯನ್ನು ಅದು ಕೊಡಲಿ. ಈ ತರದ ಎಸ್‌ಎಂಪಿಎಸ್‌ಗಳ ಬದಿಯಲ್ಲಿ 115, 230 ಅಂತ ಪುಟ್ಟ ಸ್ವಿಚ್ ಇರುತ್ತದೆ. 230ರಲ್ಲಿ ಇದೆಯೇ ಅಂತ ಪ್ಲಗ್ ಹಾಕುವ ಮೊದಲು ನೋಡಿ. 115ರಲ್ಲಿ ಇದ್ದರೆ ಹೊಗೆ ಬರುತ್ತದೆ. 230ರ ಸ್ಥಾನದಲ್ಲಿ ಲೈನ್ 180 ವೋಲ್ಟಿಗಿಂತ ಕೆಳಗೆ ಇಳಿದರೆ ಇವು ಕೆಲಸ ಮಾಡುವುದಿಲ್ಲ. ಲೈನಿನ ಕೊನೆಯ ತೋಟಗಳಲ್ಲಿ, ಎಲ್ಲರೂ ಪಂಪು ಹಾಕಿದ ಸಂಜೆ, 170 ಅಳೆದದ್ದು ನನಗೆ ನೆನಪಿದೆ. ಅಂಥ ಜಾಗಕ್ಕೆ 90ರಿಂದ 264 ವೋಲ್ಟ್ ತನಕ ತಾನೇ ಹೊಂದಿಕೊಳ್ಳುವ ಸಪ್ಲೈ ತೆಗೆದುಕೊಳ್ಳಿ. ಸ್ವಲ್ಪ ಜಾಸ್ತಿ ದುಡ್ಡು ಆಗುತ್ತದೆ, ಆಗಲಿ.

ಬ್ಯಾಟರಿಯಲ್ಲಿ ಓಡಿಸುವವರು ಇದನ್ನು ಗಮನವಿಟ್ಟು ಓದಿ. ಅಪ್ಪನ ಆಂಪ್ಲಿಫೈಯರಿಗೆ 12 ವೋಲ್ಟಿನ ಕಾರ್ ಬ್ಯಾಟರಿ ಕಟ್ಟಿದರೆ ಸಾಕಿತ್ತು. ಈಗ ಎರಡು ಬ್ಯಾಟರಿ ಸೇರಿಸಿ 24 ಅಂತ ಟಿಪಿಎ3116ಗೆ ಕೊಡುತ್ತಾರೆ. ತುಂಬಿದ ಬ್ಯಾಟರಿ ಎರಡು ಸೇರಿ 25 ದಾಟಿರುತ್ತದೆ. ಅಲ್ಲಿಗೆ ಸರಿ. ಆದರೆ ಚಾರ್ಜರ್ ಹಾಕಿದ ಹಾಗೇ ಹಾಡು ಹಾಕಿದರೆ 28.8ಕ್ಕೆ ಏರುತ್ತದೆ. ಚಿಪ್ಪಿನ ಮಿತಿ 26. ನಾಲ್ಕು ಬ್ಯಾಟರಿ ಸೇರಿಸಿ ಟಿಪಿಎ3255ಗೆ ಕೊಟ್ಟರೂ ಅದೇ ಕಥೆ, ಚಾರ್ಜಿನಲ್ಲಿ 57 ದಾಟುತ್ತದೆ, ಮಿತಿ 53.5. ಅದಕ್ಕೆ ಮೂರೇ ಬ್ಯಾಟರಿ, 36 ವೋಲ್ಟ್. ಚಾರ್ಜಿನಲ್ಲಿ ಇದ್ದರೂ 43ರ ಹತ್ತಿರ ನಿಲ್ಲುತ್ತದೆ.

ಇನ್ನು ಸ್ಪೀಕರ್ ತಂತಿ. ಬ್ರಿಡ್ಜ್ ಮಾಡ್ಯೂಲಿನಲ್ಲಿ ಸ್ಪೀಕರಿನ ಮೈನಸ್ ಅಂತ ಬರೆದ ತಂತಿ ಸರ್ಕ್ಯೂಟಿನ ನೆಲ (ಗ್ರೌಂಡ್) ಅಲ್ಲ. ಎರಡೂ ತಂತಿಯಲ್ಲಿ ಸಪ್ಲೈಯ ಅರ್ಧ ವೋಲ್ಟ್ ನಿಂತಿರುತ್ತದೆ. ಹಳೆಯ ಅಭ್ಯಾಸದವರು ಮೂರು ತಂತಿಯ ಕೇಬಲಿನಲ್ಲಿ ಎರಡು ಚಾನೆಲಿನ ಮೈನಸ್ ಒಟ್ಟಿಗೆ ಕಟ್ಟುತ್ತಾರೆ. ನಾನೂ ಒಮ್ಮೆ ಕಟ್ಟಿದೆ. ಒಂದು ಬೋರ್ಡ್ ಅಲ್ಲೇ ಹೋಯಿತು. ಆಸಿಲೋಸ್ಕೋಪಿನ ನೆಲದ ಕ್ಲಿಪ್ಪನ್ನೂ ಆ ತಂತಿಗೆ ಹಾಕಬಾರದು. ಒಳಗಿನ ತಂತಿಯೇ ಆದರೂ ವೂಫರಿಗೆ ಒಂದು ಜೋಡಿ, ಹಾರ್ನಿಗೆ ಬೇರೆ ಜೋಡಿ, ಬೇರೆ ಬಣ್ಣ.

ಹಾರ್ನಿನ ಜೋಡಿಯಲ್ಲಿ ಒಂದು ಕೆಪಾಸಿಟರ್ ಕಡ್ಡಾಯ. ಡಿಎಸ್‌ಪಿ ಇದೆಯಲ್ಲ, ಯಾಕೆ ಅಂತ ಕೇಳಬೇಡಿ. ಮಾಡ್ಯೂಲ್ ಸತ್ತರೆ ಡಿಸಿ ನೇರ ಹೊರಗೆ ಬರಬಹುದು. ವೂಫರ್ ಸ್ವಲ್ಪ ಹೊತ್ತು ತಾಳುತ್ತದೆ. ಹಾರ್ನಿನ ಡಯಾಫ್ರಾಮ್ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತದೆ. 8 ಓಮ್ಸಿಗೆ 20 ಮೈಕ್ರೋಫ್ಯಾರಡ್ ಹಾಕಿದರೆ ಅದರ ಕತ್ತರಿ 1 ಕಿಲೋಹರ್ಟ್ಸಿನ ಹತ್ತಿರ ಬೀಳುತ್ತದೆ. 2ರಲ್ಲಿ ನಾವು ಕತ್ತರಿಸುವ ಸ್ವರಕ್ಕೆ ಅದು ಹೆಚ್ಚು ಅಡ್ಡಿ ಮಾಡುವುದಿಲ್ಲ. ಫಿಲ್ಮ್ ಕೆಪಾಸಿಟರ್ ಇರಲಿ, 100 ವೋಲ್ಟಿನದ್ದು.

ಗೇನ್, ಅಂದರೆ ಸಿಗ್ನಲನ್ನು ಎಷ್ಟು ಪಟ್ಟು ಏರಿಸುತ್ತದೆ ಅನ್ನುವುದು, ಮತ್ತು ಹಿಸ್ ಬಗ್ಗೆ ಹೇಳಲೇಬೇಕು. ತಾಳಮದ್ದಳೆಯಲ್ಲಿ ಅರ್ಥಧಾರಿ ಮಾತು ನಿಲ್ಲಿಸಿ ಒಂದು ಕ್ಷಣ ಸುಮ್ಮನಾಗುತ್ತಾರಲ್ಲ, ಆ ಮೌನದಲ್ಲಿ ಸ್ಪೀಕರ್ ಸುಸ್ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ. 107 ಡಿಬಿಯ ಹಾರ್ನ್ ಸಣ್ಣ ಹಿಸ್ಸನ್ನೂ ಎತ್ತಿ ತೋರಿಸುತ್ತದೆ. ಟಿಪಿಎ3116ರಲ್ಲಿ ಗೇನನ್ನು 20, 26, 32, 36 ಡಿಬಿ ಅಂತ ನಾಲ್ಕು ಮಟ್ಟದಲ್ಲಿ ಇಡಬಹುದು. ಫೋನಿನಿಂದಲೇ ಜೋರು ಬರಲಿ ಅಂತ ಎಷ್ಟೋ ಬೋರ್ಡುಗಳನ್ನು ಮೇಲಿನ ಮಟ್ಟದಲ್ಲಿ ಇಟ್ಟು ಮಾರುತ್ತಾರೆ. ಒಂದೆರಡು ರೆಸಿಸ್ಟರ್ ಬದಲಿಸಿ 20ಕ್ಕೆ ಇಳಿಸಿ. ಟಿಪಿಎ3255ರ ಗೇನ್ 21.5 ಡಿಬಿ, ಅಂದರೆ ಹನ್ನೆರಡು ಪಟ್ಟು. 48 ವೋಲ್ಟಿನಲ್ಲಿ ಪೂರ್ತಿ ಶಬ್ದಕ್ಕೆ 2.8 ವೋಲ್ಟ್ ಸಿಗ್ನಲ್ ಬೇಕು. ಮಿಕ್ಸರ್ ಅದನ್ನು ಆರಾಮಾಗಿ ಕೊಡುತ್ತದೆ. ಫೋನ್ ಕೊಡುವುದಿಲ್ಲ. ಬೋರ್ಡಿನ ಮೊದಲು ಸಿಗ್ನಲ್ ಏರಿಸಲು ಒಂದು ಅಗ್ಗದ ಪ್ರೀಆಂಪ್ ಕೂರಿಸಿದರೆ ಹಿಸ್ ಅಲ್ಲಿಂದಲೇ ಶುರುವಾಗುತ್ತದೆ.

ಮಿಕ್ಸರಿನಿಂದ ಪೆಟ್ಟಿಗೆಗೆ ಮೂವತ್ತು ಮೀಟರ್ ಕೇಬಲ್ ಎಳೆಯುತ್ತೇವೆ, ಪಕ್ಕದಲ್ಲೇ ಲೈಟಿನ ಡಿಮ್ಮರ್ ಕೇಬಲ್. ಎರಡು ತಂತಿಯ ವ್ಯತ್ಯಾಸವನ್ನು ಮಾತ್ರ ತೆಗೆದುಕೊಂಡು ಗದ್ದಲ ಬಿಡುವ ಬ್ಯಾಲೆನ್ಸ್‌ಡ್ ಇನ್‌ಪುಟ್ ಇಲ್ಲದೆ ಬೇರೆ ದಾರಿ ಇಲ್ಲ. ಐಎನ್‌ಎ134ರ ಹಾಗಿನ ಒಂದು ಐಸಿ, ಒಂದು ಎಕ್ಸ್‌ಎಲ್‌ಆರ್ ಸಾಕೆಟ್, ಅಷ್ಟೆ. ಅಗ್ಗದ ಬೋರ್ಡಿನಲ್ಲಿ ಇನ್‌ಪುಟ್ಟಿನ ಒಂದು ಕಾಲನ್ನು ನೆಲಕ್ಕೆ ಕಟ್ಟಿರುತ್ತಾರೆ, ಅದನ್ನು ನಂಬಬೇಡಿ.

ಬಿಸಿ, ಮಂಜು, ಇರುವೆ. ಇವು ಮೂರೂ ನಮ್ಮ ಕಡೆ ಒಂದೇ ಪೆಟ್ಟಿಗೆಗೆ ಬರುತ್ತವೆ. ಮಾಡ್ಯೂಲನ್ನು ಪೆಟ್ಟಿಗೆಯೊಳಗೆ ಸ್ಪೀಕರ್ ಇರುವ ಭಾಗದ ಗಾಳಿಯಲ್ಲಿ ಇಡಬೇಡಿ. ಹಿಂದೆ ಬೇರೆ ಖಾನೆ ಮಾಡಿ, ಹೀಟ್‌ಸಿಂಕಿನ ಗೆರೆಗಳು ನೆಟ್ಟಗೆ ನಿಲ್ಲುವ ಹಾಗೆ ಹೊರಗೆ ಕೂರಿಸಿ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಪೆಟ್ಟಿಗೆಯ ತಲೆಯಿಂದ ಮಂಜು ಹನಿ ಹನಿಯಾಗಿ ಇಳಿಯುತ್ತದೆ. ಮೇಲೆ ತೂತು ಇಟ್ಟರೆ ನೀರು ನೇರ ಎಸ್‌ಎಂಪಿಎಸ್‌ಗೆ. ಉಪ್ಪಳ, ಮಂಜೇಶ್ವರದ ಹಾಗೆ ಕಡಲ ಬದಿಯಲ್ಲಿ ಇಡುವವರು ಬೋರ್ಡಿಗೆ ತೇವ ತಡೆಯುವ ಕನ್‌ಫಾರ್ಮಲ್ ಕೋಟಿಂಗ್ ಹೊಡೆಯಿರಿ, ಕನೆಕ್ಟರ್ ಬಿಟ್ಟು. ಫ್ಯಾನ್ ನಾನು ಹಾಕುವುದಿಲ್ಲ. ಅದು ಧೂಳನ್ನೂ ಇರುವೆಯನ್ನೂ ಕರೆಯುತ್ತದೆ. ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗಿದ ಮೇಲೆ ಮಳೆಗಾಲ ಇಡೀ ಪೆಟ್ಟಿಗೆ ಅಟ್ಟದಲ್ಲಿ ಇರುತ್ತದೆ. ಆಗ ಇರುವೆ ಗೂಡು ಕಟ್ಟಿದ ಒಂದು ಸಪ್ಲೈಯನ್ನು ನಾನು ತೆರೆದು ನೋಡಿದ್ದೇನೆ. ಈಗ ತಿಂಗಳಿಗೊಮ್ಮೆ ಅರ್ಧ ಗಂಟೆ ಆನ್ ಮಾಡುತ್ತೇನೆ.

ಬಯಲಿನಲ್ಲಿ ಎಷ್ಟು ಜೋರು ಬೇಕು ಅನ್ನುವುದಕ್ಕೆ ಕಾನೂನಿನ ಮಿತಿಯೂ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಹೊರಗೆ ಧ್ವನಿವರ್ಧಕಕ್ಕೆ ನಿರ್ಬಂಧ ಇದೆ. ದೊಡ್ಡ ಮಾಡ್ಯೂಲ್ ಹಾಕುವ ಮೊದಲು ಇದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ.

ಬೋರ್ಡ್ ಬಂದ ಮೇಲೆ ಸ್ಪೀಕರಿಗೆ ಹಾಕುವ ಮೊದಲು ಪರೀಕ್ಷೆ. 8 ಓಮ್ಸ್, 100 ವ್ಯಾಟಿನ ಅಲ್ಯೂಮಿನಿಯಂ ಮೈಯ ರೆಸಿಸ್ಟರ್ ನಾಲ್ಕು ತನ್ನಿ. ಎರಡೆರಡು ಸಾಲಾಗಿ ಕಟ್ಟಿ, ಆ ಎರಡು ಸಾಲನ್ನು ಒಟ್ಟಿಗೆ ಸೇರಿಸಿದರೆ ಮತ್ತೆ 8 ಓಮ್ಸ್ ಬರುತ್ತದೆ, ಈಗ 400 ವ್ಯಾಟ್ ತಾಳುತ್ತದೆ. ದಪ್ಪ ಅಲ್ಯೂಮಿನಿಯಂ ಹಲಗೆಗೆ ಸ್ಕ್ರೂ ಮಾಡಿ. ಸಿಗ್ನಲ್ ಇಲ್ಲದೆ ಆನ್ ಮಾಡಿ ಎರಡು ಔಟ್‌ಪುಟ್ ತಂತಿಯ ನಡುವೆ ಡಿಸಿ ಅಳೆಯಿರಿ. ಕೆಲವು ಹತ್ತು ಮಿಲಿವೋಲ್ಟಿನ ಒಳಗೆ ಇರಬೇಕು. ಆಮೇಲೆ ಫೋನಿನ ಟೋನ್ ಆಪಿನಿಂದ ಮಿಕ್ಸರಿನ ಮೂಲಕ 100 ಹರ್ಟ್ಸ್ ಕೊಟ್ಟು ಎಸಿ ಅಳೆಯಿರಿ. ಅಗ್ಗದ ಮೀಟರ್ ಕೂಡ 100 ಹರ್ಟ್ಸಿನಲ್ಲಿ ಸರಿಯಾಗಿಯೇ ತೋರಿಸುತ್ತದೆ, ಸಾವಿರದಲ್ಲಿ ಅಲ್ಲ. ಬಂದ ವೋಲ್ಟನ್ನು ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ಲೋಡ್ ಏನೂ ಇಲ್ಲದೆ ಜೋರು ಸಿಗ್ನಲ್ ಕೊಡಬೇಡಿ, ಕೊನೆಯ ಕಾಯಿಲ್ ಮತ್ತು ಕೆಪಾಸಿಟರ್ ತಮ್ಮಲ್ಲೇ ಮೊರೆಯುತ್ತವೆ. ಸಪ್ಲೈ ತೆರೆದು ಕೈ ಹಾಕುವವರು ನೆನಪಿಡಿ, ಒಳಗಿನ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಹಿಂದಿನ ಲೋಹದ ಹಲಗೆಗೆ ಅರ್ತಿಂಗ್ ಬಿಗಿಯಾಗಿ ಕೊಡಿ. ಎಸ್‌ಎಂಪಿಎಸ್ ಪೆಟ್ಟಿಗೆ ಅರ್ತ್ ಇಲ್ಲದೆ ಮುಟ್ಟಿದರೆ ಜುಂ ಅನ್ನುತ್ತದೆ, ಆ ಹಲಗೆಯನ್ನು ಬರಿಗಾಲಿನ ವೇಷಧಾರಿಯೂ ಮುಟ್ಟಬಹುದು.

ಕೊನೆಯ ಪರೀಕ್ಷೆ ರಾತ್ರಿ ಇಡೀ ನಡೆಯುತ್ತದೆ. ಅಡಿಕೆ ಒಣಗಿಸುವ ಅಂಗಳದಲ್ಲಿ ಪೆಟ್ಟಿಗೆ ಇಟ್ಟು, ಸ್ಪೀಕರಿನ ಬದಲು ಆ ರೆಸಿಸ್ಟರುಗಳನ್ನು ಕಟ್ಟಿ, ನಾನೇ ಹಿಡಿದ ಒಂದು ಪೂರ್ತಿ ಆಟದ ರೆಕಾರ್ಡಿಂಗನ್ನು ಒಡೆಯುವ ಅಂಚಿನಲ್ಲಿ ಓಡಿಸುತ್ತೇನೆ. ಶಬ್ದ ಯಾರಿಗೂ ಕೇಳಿಸುವುದಿಲ್ಲ, ಕೆಂಪು ದೀಪ ಮಾತ್ರ ಚೆಂಡೆಗೆ ಮಿನುಗುತ್ತಾ ಇರುತ್ತದೆ. ಗಂಟೆಗೊಮ್ಮೆ ಎದ್ದು ಹೀಟ್‌ಸಿಂಕಿಗೆ ಕೈ ಇಡುತ್ತೇನೆ. ಐದು ಎಣಿಸುವ ತನಕ ಕೈ ಇಡಲು ಆದರೆ ಸರಿ, ಆಗದಿದ್ದರೆ ದೊಡ್ಡ ಹೀಟ್‌ಸಿಂಕ್ ಬೇಕು. ಬೆಳಿಗ್ಗೆ ಮಂಜು ಒರೆಸಿ, ಹಿಂದಿನ ಹಲಗೆ ತೆರೆದು ಒಳಗೆ ಒದ್ದೆ ಇದೆಯೇ ನೋಡುತ್ತೇನೆ. ಒಣಗಿದ್ದರೆ ಎಂಟೂ ಸ್ಕ್ರೂ ಬಿಗಿದು, ತಾರೀಖು ಬರೆದ ಚೀಟಿ ಅಂಟಿಸಿ, ಪೆಟ್ಟಿಗೆಯನ್ನು ಜೀಪಿಗೆ ಹತ್ತಿಸುತ್ತೇನೆ. ಒಬ್ಬಳೇ ಎತ್ತಲು ಆಗುತ್ತದೆ.